ಪಾರೆಕಲ್ಲಿನ ಕಡೆಯಿಂದ ಬಂದ ಕೂ

ನಾನು ಮಾಷ್ಟ್ರು. ಭೂತ, ಪ್ರೇತ ಎಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆಗಿನ ನಾನೂ ನಗುತ್ತಿದ್ದೆ.

ಅರವತ್ತರ ದಶಕದ ಕೊನೆಗೆ ಐವರ್ನಾಡಿನ ಶಾಲೆಯಲ್ಲಿದ್ದೆ. ನನ್ನ ಹಳೆಯ ವಿದ್ಯಾರ್ಥಿ ಬೆಳ್ಯಪ್ಪ ಸೈನ್ಯಕ್ಕೆ ಸೇರಿದ. ಅರ್ಜಿ ಬರೆದುಕೊಟ್ಟವನು ನಾನೇ. ಅವನ ತಾಯಿ ದೇವಕ್ಕನಿಗೆ ಗಂಡ ಇರಲಿಲ್ಲ, ಇದ್ದ ಮಗ ಇವನೊಬ್ಬ. "ಮಾಷ್ಟ್ರು ಹೇಳಿದ ಮೇಲೆ ಹೋಗಲಿ" ಎಂದು ಒಪ್ಪಿದ್ದರು.

ಆ ಕಡೆ ಮನೆಗಳು ಗುಡ್ಡೆಗೊಂದರಂತೆ ಇದ್ದವು. ಕರೆಯಬೇಕಾದರೆ ಕೂ ಹಾಕುವುದು. ಒಬ್ಬೊಬ್ಬರ ಕೂ ಒಂದೊಂದು ತರ. ಕೇಳಿದವರು ತಿರುಗಿ ಕೂ ಹಾಕಬೇಕು. ಹಾಕದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದೇ ಅರ್ಥ. ಬೆಳ್ಯಪ್ಪನದು ಎರಡು ಗಿಡ್ಡ, ಒಂದು ಉದ್ದ. ರಜೆಯಲ್ಲಿ ಬರುವಾಗ ಎದುರುಗುಡ್ಡೆಯ ಪಾರೆಕಲ್ಲಿನ ಮೇಲೆ ನಿಂತು ಹಾಕುತ್ತಿದ್ದ. ದೇವಕ್ಕ ಮನೆಯಂಗಳದಿಂದ ತಿರುಗಿ ಕೂ ಹಾಕಿ, ಅವನ ಸ್ನಾನಕ್ಕೆಂದು ಹಂಡೆಯ ಒಲೆಗೆ ಬೆಂಕಿ ಹಾಕಲು ಹೋಗುತ್ತಿದ್ದರು.

ಎಪ್ಪತ್ತೊಂದರ ಯುದ್ಧ ಮುಗಿಯುವ ಹೊತ್ತಿಗೆ ತಂತಿ ಬಂತು. ಇಂಗ್ಲಿಷಿನಲ್ಲಿತ್ತು, ಓದಿ ಹೇಳುವ ಕರ್ಮವೂ ನನ್ನದೇ. ಹೆಣ ಬರಲಿಲ್ಲ. ಒಂದು ಟ್ರಂಕು ಬಂತು. ಶಾಲೆಯಲ್ಲಿ ಹಾರ ಹಾಕಿಸಿಕೊಂಡು ಭಾಷಣ ಬಿಗಿದ ದೊಡ್ಡ ಮನುಷ್ಯರೊಬ್ಬರು ಸತ್ತವನ ಹೆಸರನ್ನೇ ತಪ್ಪು ಹೇಳಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಸತ್ತವರನ್ನು ಹೆಸರು ಹಿಡಿದು ಅಂಗಳದಿಂದ ಒಳಗೆ ಕರೆದು, ಎಲೆ ಹಾಕಿ ಬಡಿಸುವ ಕ್ರಮ ಉಂಟು. ಒಮ್ಮೆ ಕರೆದರೆ ಅವರು ಹಿರಿಯರ ಸಾಲಿಗೆ ಸೇರಿದರು, ಮತ್ತೆ ದಾರಿ ನೋಡುವಂತಿಲ್ಲ. ದೇವಕ್ಕ ಇದಕ್ಕೆ ಒಪ್ಪಲಿಲ್ಲ. "ಹೆಣ ಕಾಣದೆ ಎಂತ ಕರೆಯುದು? ನಾಳೆ ಅವ ಜೀವದಲ್ಲಿ ಬಂದ್ರೆ?" ಎಂದರು. ಬೆಳ್ಯಪ್ಪನ ದೊಡ್ಡಪ್ಪ ನನ್ನ ಹತ್ತಿರ ಬಂದು, "ನೀವೇ ಹೇಳಿ ಮಾರಾಯ್ರೆ, ಅವಳು ನಿಮ್ಮ ಮಾತು ಮೀರುದಿಲ್ಲ" ಎಂದರು. ಹೇಳಿದೆ. ದೇವಕ್ಕ ಒಪ್ಪಿದರು.

ಒಳಗೆ ಕರೆಯುವ ದಿನ ಮಧ್ಯಾಹ್ನ ದೊಡ್ಡಪ್ಪ ಅಂಗಳದಲ್ಲಿ ನಿಂತು, "ಬೆಳ್ಯಪ್ಪಾ, ಒಳಗೆ ಬಾ" ಎಂದು ಕರೆದರು. ಆಗಲೇ ಎದುರುಗುಡ್ಡೆಯಿಂದ ಕೂ ಬಂತು. ಎರಡು ಗಿಡ್ಡ, ಒಂದು ಉದ್ದ. ನನಗೆ ಸ್ಪಷ್ಟವಾಗಿ ಕೇಳಿತು. ಪಾರೆಕಲ್ಲು ಬಿಸಿಲಲ್ಲಿ ಬೋಳಾಗಿ ಕಾಣುತ್ತಿತ್ತು. ಅಲ್ಲಿ ನರಪಿಳ್ಳೆ ಇರಲಿಲ್ಲ.

ದೇವಕ್ಕ ಒಳಗಿನಿಂದ ಓಡಿ ಬಂದರು. ತಿರುಗಿ ಕೂ ಹಾಕಲು ಕೈ ಆಗಲೇ ಬಾಯಿಯ ಹತ್ತಿರ ಹೋಗಿತ್ತು. "ಎಂತ ಕೂ? ಯಾರೂ ಹಾಕಲಿಲ್ಲ, ನಿನಗೆ ಭ್ರಮೆ" ಎಂದು ದೊಡ್ಡಪ್ಪ ಆ ಕೈ ಹಿಡಿದರು. ಉಳಿದವರೂ ಇಲ್ಲವೆಂದು ತಲೆಯಾಡಿಸಿದರು. ದೇವಕ್ಕ ನನ್ನನ್ನೇ ನೋಡಿ, "ಮಾಷ್ಟ್ರೇ, ಕೇಳಿತಲ್ಲ? ನೀವು ಹೇಳಿ" ಎಂದರು.

ಹೌದೆಂದರೆ ಈ ಹೆಂಗಸು ಸಾಯುವವರೆಗೆ ಜಗಲಿಯಲ್ಲಿ ಕೂತು ಕಾಯುತ್ತಾರೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳೇಕೆ, ಇಷ್ಟು ಜನರ ಎದುರು ನನ್ನ ಮರ್ಯಾದೆ ಹೋದೀತೆಂದು ಹೆದರಿದೆ. "ಇಲ್ಲ ದೇವಕ್ಕ, ನನಗೆ ಎಂತದೂ ಕೇಳಲಿಲ್ಲ" ಎಂದೆ. ಅವರು ಕೈ ಇಳಿಸಿ ಒಳಗೆ ಹೋಗಿ ಮಗನ ಎಲೆಗೆ ಬಡಿಸಿದರು.

ನನಗೆ ವರ್ಗವಾಯಿತು. ಹತ್ತು ಹನ್ನೆರಡು ವರ್ಷಗಳ ಮೇಲೆ, ದೇವಕ್ಕ ಪುತ್ತೂರಿನಲ್ಲಿ ಆಸ್ಪತ್ರೆಗೆ ಸೇರಿದ್ದಾರೆ ಎಂದು ಕೇಳಿ ನೋಡಲು ಹೋದೆ. ಮೂಳೆ ಚಕ್ಕಳ ಆಗಿದ್ದರು. ನನ್ನ ಮಕ್ಕಳ ಸೌಖ್ಯ ವಿಚಾರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಅವತ್ತು ನಾನು ಹೊರಗೆ ಬರುವಾಗ ನೀವು ಪಾರೆಕಲ್ಲಿನ ಕಡೆ ನೋಡ್ತಾ ಇದ್ರಿ ಮಾಷ್ಟ್ರೇ. ಕೇಳದವರು ಅಲ್ಲಿ ಎಂತ ನೋಡುದು?"

ನಾನು ತಂದಿದ್ದ ಹಣ್ಣಿನ ಚೀಲವನ್ನು ಕಿಟಕಿಯ ಮೇಲಿಟ್ಟೆ.

"ಅವ ಕೂ ಹಾಕಿದ. ಮನೆಯಲ್ಲಿ ಯಾರೂ ಇಲ್ಲ ಅಂತ ಗ್ರಹಿಸಿ ಹೋದ" ಎಂದು ಗೋಡೆಯ ಕಡೆ ಹೊರಳಿದರು.

ಆ ಕೂ ಯಾರದು, ಎಲ್ಲಿಂದ ಬಂತು, ಬೇರೆಯವರಿಗೆ ಯಾಕೆ ಕೇಳಲಿಲ್ಲ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದ್ದಂತೂ ಹೌದು. ಆಸ್ಪತ್ರೆಯಲ್ಲಿ ಆ ಮಂಚದ ಪಕ್ಕ ಅರ್ಧ ಗಂಟೆ ಕೂತಿದ್ದೆ. ಆಗಲೂ ಹೌದು ಎನ್ನಲಿಲ್ಲ.