ಅಲುಗದ ಅಂಕಿ

ಹಣ್ಣಿನ ಶೈತ್ಯಾಗಾರದಲ್ಲಿ ಅವನಿಗೆ ಗಾಬರಣ್ಣ ಎಂದೇ ಹೆಸರು ಬಿದ್ದಿತ್ತು. ಹಗ್ಗ ಕಂಡು ಹಾವೆನ್ನುವವರು ಎಲ್ಲ ಕಡೆ ಇದ್ದಾರೆ. ಇವನು ಹಗ್ಗವೂ ಇಲ್ಲದ ಕಡೆ ನಿಂತು, ಹಾವು ಈಗಷ್ಟೇ ಹೋಗಿರಬೇಕು ಎನ್ನುವವನು. ಲಿಫ್ಟ್ ಹತ್ತುವವನಲ್ಲ. ಯಾರಾದರೂ ಜೋರಾಗಿ ಸೀನಿದರೆ ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ, "ನಿಮ್ಮಮ್ಮ ನಿಮ್ಮನ್ನ ಗುಡುಗಿನ ದಿನ ಹೆತ್ತಿರಬೇಕು" ಎಂದಿದ್ದಳು. ಅವನು ಮುಖ ಸಪ್ಪೆ ಮಾಡಿಕೊಂಡು, "ಹೌದಂತೆ, ನಿನಗ್ಯಾರು ಹೇಳಿದ್ರು?" ಎಂದಿದ್ದ.

ಇಂಥವನನ್ನು ಕಂಡು ನಗುವುದು ಸುಲಭ. ನಗುವವರನ್ನು ಅವನು ಕಾಯುತ್ತಿದ್ದ ಕೋಣೆಯೊಳಗೆ ಒಮ್ಮೆ ಬಿಟ್ಟು ನೋಡಬೇಕು. ನಗಲಿಕ್ಕೆ ಉಸಿರಾದರೂ ಬೇಕಲ್ಲ.

ಸೇಬು ತಿಂಗಳುಗಟ್ಟಲೆ ಕೆಡದೆ ಉಳಿಯಬೇಕಾದರೆ ತಣ್ಣಗಿಟ್ಟರಷ್ಟೇ ಸಾಲದು. ಕೋಣೆಯ ಬಾಗಿಲನ್ನು ಗಾಳಿಯಾಡದಂತೆ ಬಿಗಿದು, ಒಳಗೆ ಸಾರಜನಕ ಬಿಟ್ಟು, ಆಮ್ಲಜನಕವನ್ನು ಹೊರದಬ್ಬುತ್ತಾರೆ. ಹಣ್ಣಿಗೆ ನಿದ್ದೆ ಹತ್ತುತ್ತದೆ. ಒಳಗೆ ಹೋದ ಮನುಷ್ಯನಿಗೂ ಹತ್ತುತ್ತದೆ, ಆದರೆ ಅದು ಏಳದ ನಿದ್ದೆ. ವಾಸನೆಯಿಲ್ಲ, ಕೆಮ್ಮಿಲ್ಲ, ಕಣ್ಣುರಿಯಿಲ್ಲ. ಒಂದೆರಡು ಉಸಿರು ಎಳೆದರೆ ಮುಗಿಯಿತು.

ಅದಕ್ಕಾಗಿ ಪ್ರತಿ ಕೋಣೆಯ ಗೋಡೆಯಲ್ಲೂ ಗಾಳಿ ಅಳೆಯುವ ಯಂತ್ರವಿತ್ತು. ಅದು ಅಳೆದದ್ದನ್ನು ಮಹಡಿಯ ಮೇಲಿನ ಸಣ್ಣ ಕಂಪ್ಯೂಟರು ಒಂದೇ ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ದೊಡ್ಡ ಸರ್ವರು, ಪ್ರತ್ಯೇಕ ಕೋಣೆ, ಅದನ್ನು ನೋಡಿಕೊಳ್ಳುವ ಎಂಜಿನಿಯರು, ಯಾವುದೂ ಇಲ್ಲ. ಪ್ರೋಗ್ರಾಮಿನ ಹೊಟ್ಟೆಯೊಳಗೇ ಕೂತಿರುವ ಪುಟ್ಟ ಡೇಟಾಬೇಸು. ಆ ಫೈಲಿನ ಕೊನೆಯ ಸಾಲನ್ನು ಓದಿ ಪರದೆ ಅಂಕಿ ತೋರಿಸುತ್ತಿತ್ತು. ಕೆಳಗಿನವರು ಒಳಗೆ ಇಳಿಯುವ ಮೊದಲು ವಾಕಿಟಾಕಿಯಲ್ಲಿ ಕೇಳಬೇಕು, ಗಾಬರಣ್ಣ ಪರದೆ ನೋಡಿ ಹೇಳಬೇಕು. ಆಮ್ಲಜನಕ ನೂರಕ್ಕೆ ಇಪ್ಪತ್ತು ದಾಟಿದ್ದರೆ ಹೋಗಬಹುದು. ಇಲ್ಲವೆಂದರೆ ಇಲ್ಲ.

ಕೆಳಗೆ ಇಳಿಯುವವರಲ್ಲಿ ಅವನ ಹೆಂಡತಿಯ ತಮ್ಮನೂ ಒಬ್ಬ. ಆ ಕೆಲಸ ಕೊಡಿಸಿದವನು ಇವನೇ. ಭಾವನ ಪಾಲಿನ ಧೈರ್ಯವನ್ನೂ ಅವನೇ ಹೊಡೆದುಕೊಂಡು ಹುಟ್ಟಿದಂತಿದ್ದ. "ಭಾವ, ನೀವು ಪರದೆ ನೋಡೋ ಹೊತ್ತಿಗೆ ನಾನು ಹೋಗಿ ಬಂದು ಕೈ ತೊಳೆದಿರ್ತೀನಿ" ಎನ್ನುತ್ತಿದ್ದ.

ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಹೊಸದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ಅಂಕಿ, ವರ್ಷ ಕಳೆದಂತೆ ಮುದುಕನ ಹಾಗೆ ತೂಕಡಿಸತೊಡಗಿತ್ತು. ಗುಂಡಿ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ದಿನಾ ಕಾಯುವವನಿಗೆ ಕಾಯುವುದೇ ಅಭ್ಯಾಸವಾಗುತ್ತದೆ. ಇವನಿಗೆ ಮಾತ್ರ ಚಕ್ರ ತಿರುಗಿದಷ್ಟು ಹೊತ್ತೂ ಎದೆ ಹೊಡೆದುಕೊಳ್ಳುತ್ತಿತ್ತು. ಅಳತೆ ನಿಜವಾಗಿ ಫೈಲಿಗೆ ಬೀಳುತ್ತಿದೆಯೋ ಇಲ್ಲವೋ? ಅದನ್ನು ಕಣ್ಣಾರೆ ಕಾಣಲು, ಫೈಲನ್ನು ಬಿಚ್ಚಿ ಸಾಲುಸಾಲಾಗಿ ತೋರಿಸುವ ಬೇರೊಂದು ಪ್ರೋಗ್ರಾಮನ್ನು ಯಾರನ್ನೋ ಕೇಳಿ ಹಾಕಿಸಿಕೊಂಡಿದ್ದ. ಅದರಲ್ಲಿ ಸಾಲುಗಳನ್ನು ಕಂಡರೆ ಸಮಾಧಾನ.

ಅಂದು ಬೆಳಿಗ್ಗೆಯೂ ಬಿಚ್ಚಿ ನೋಡಿದ. ಮೂರನೆಯ ಕೋಣೆಯ ದೊಡ್ಡ ಬಾಗಿಲು ತೆರೆದಿತ್ತು, ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ ಆಗಿತ್ತು. ಸಾಲುಗಳನ್ನು ಅರ್ಧವೂ ನೋಡಿ ಮುಗಿಸಿರಲಿಲ್ಲ, ಲಾರಿ ಬಂತೆಂದು ಕೂಗು ಬಂತು. ಆ ಪ್ರೋಗ್ರಾಮಿನ ಕಿಟಕಿಯನ್ನು ಮುಚ್ಚದೆ ಪರದೆಯಲ್ಲಿ ಹಿಂದಕ್ಕೆ ಸರಿಸಿ ಎದ್ದು ಹೋದ. ಬಂದು ಕೂತಾಗ ಎದುರಿಗೆ ಎಂದಿನ ಪರದೆಯಿತ್ತು. ಹಿಂದೆ ಅಡಗಿದ್ದದ್ದು ನೆನಪಾಗಲಿಲ್ಲ.

ಮಧ್ಯಾಹ್ನ ಇವನು ಊಟಕ್ಕೆ ಹೋಗಿದ್ದಾಗ ಮೂರನೆಯ ಕೋಣೆಗೆ ಹೊಸ ಹಣ್ಣು ತುಂಬಿ, ಬಾಗಿಲು ಬಿಗಿದು, ಯಂತ್ರದವನು ಸಾರಜನಕ ಬಿಟ್ಟು ತನ್ನ ಪಾಳಿ ಮುಗಿಸಿ ಹೋದ. ಹೇಳಿ ಹೋಗಬೇಕಿತ್ತು, ಹೇಳಲಿಲ್ಲ. ಪರದೆಯೇ ಹೇಳುತ್ತದೆ ಎಂದುಕೊಂಡಿರಬೇಕು. ಎಲ್ಲರೂ ಹಾಗೇ ತಾನೇ ಅಂದುಕೊಳ್ಳುವುದು.

ಸಂಜೆಗೆ ಇನ್ನೂ ಹೊತ್ತಿರುವಾಗ ವಾಕಿಟಾಕಿ ಗೊರಗೊರ ಎಂದಿತು.

"ಭಾವ, ಮೂರನೇದರಲ್ಲಿ ಫ್ಯಾನು ಏನೋ ಉಜ್ಜಿದ ಹಾಗೆ ಸದ್ದು ಮಾಡ್ತಿದೆ. ಹಲಗೆ ತಾಗಿರಬೇಕು. ಕಿರುಬಾಗಿಲಿಂದ ಹೋಗಿ ಸರಿಸಿ ಬರ್ತೀನಿ. ಎಷ್ಟಿದೆ?"

ಚಕ್ರ ತಿರುಗಿತು. ಅಂಕಿ ಬಂತು. "ಇಪ್ಪತ್ತು ಪಾಯಿಂಟ್ ಎಂಟು" ಎಂದ ಗಾಬರಣ್ಣ.

"ಸರಿ. ನೀವು ನೀರು ಕುಡೀರಿ ಅಷ್ಟರಲ್ಲಿ."

ಅವನು ಪರದೆಯನ್ನೇ ನೋಡುತ್ತ ಕುಳಿತ. ಗಾಳಿಯ ಅಂಕಿ ಎಂದೂ ಸುಮ್ಮನಿರುವುದಿಲ್ಲ, ಕೊನೆಯ ಅಂಕೆ ನೊಣದ ಹಾಗೆ ಕೂತಲ್ಲಿ ಕೂರದೆ ಎಂಟು, ಏಳು, ಎಂಟು ಎಂದು ಕುಣಿಯುತ್ತಿರುತ್ತದೆ. ಇದು ಕುಣಿಯಲಿಲ್ಲ. ನಿಧಾನ ಎಂದುಕೊಂಡ. ಪಕ್ಕದ ಕೋಣೆಯದನ್ನು ನೋಡಿದ, ಅದೂ ಕಲ್ಲು. ಅದರ ಪಕ್ಕದ್ದೂ ಕಲ್ಲು. ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಳತೆಯ ವೇಳೆ ಇರುತ್ತಿತ್ತು. ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ಓದಿದ. ಬೆಳಗಿನದು.

ಕೈಕಾಲು ತಣ್ಣಗಾಗುವುದು ಎಂದರೇನೆಂದು ತನಗೆ ಮೊದಲೇ ಗೊತ್ತು ಎಂದುಕೊಂಡಿದ್ದ. ಗೊತ್ತಿರಲಿಲ್ಲ.

"ಇಳೀಬೇಡ, ನಿಲ್ಲು" ಎಂದು ವಾಕಿಟಾಕಿಯಲ್ಲಿ ಅಂದ. ಉತ್ತರವಿಲ್ಲ. ಮತ್ತೆ ಅಂದ. ಗೊರಗೊರ ಅಷ್ಟೇ. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ, ಗಾಳಿ ಅಳೆಯುವ ಕೈಮೀಟರನ್ನು ಎಳೆದುಕೊಂಡು ಮೆಟ್ಟಿಲು ಇಳಿದ. ಇಳಿದನೋ ಬಿದ್ದನೋ, ಅವನಿಗೇ ತಿಳಿಯದು. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ಹೋಗು ಅಂದದ್ದು ನಾನು.

ಉದ್ದನೆಯ ಓಣಿಯ ಕೊನೆಗೆ ಮೂರನೆಯ ಕೋಣೆ. ಕಿರುಬಾಗಿಲು ಮೊಣಕಾಲೆತ್ತರದ್ದು, ತೆವಳಿಕೊಂಡೇ ಹೋಗಬೇಕು. ದೂರದಿಂದಲೇ ಅದು ತೆರೆದದ್ದು ಕಂಡಿತು. ಎರಡು ಬೂಟುಗಳು ಹೊರಗಿದ್ದವು. ವಾಕಿಟಾಕಿ ನೆಲದ ಮೇಲೆ ಬಿದ್ದಿತ್ತು. ಬೂಟುಗಳು ಅಲುಗುತ್ತಿರಲಿಲ್ಲ.

ಅವನು ಎರಡೂ ಪಾದ ಹಿಡಿದು ಹಿಂದಕ್ಕೆ ಜಗ್ಗಿದ. ಮೂಟೆ ಎಳೆದಂತೆ ಮೈ ಜಾರಿ ಬಂತು, ಅಂಗಿ ಎದೆಯವರೆಗೆ ಸುರುಳಿ ಸುತ್ತಿಕೊಂಡಿತ್ತು, ಗದ್ದ ನೆಲಕ್ಕೆ ಉಜ್ಜಿ ರಕ್ತ ಬಂದಿತ್ತು. ಮುಖ ಬೂದಿ. ಕೈಮೀಟರು ಆ ಕಿಂಡಿಯ ಹತ್ತಿರ ಬಿದ್ದು ಕಿವಿ ಹರಿಯುವಂತೆ ಚೀರುತ್ತಿತ್ತು. ಕಾಲಿನಿಂದ ಕಿರುಬಾಗಿಲನ್ನು ಒದ್ದು ಮುಚ್ಚಿ, ಅವನ ಕೆನ್ನೆಗೆ ಹೊಡೆದ. ಇನ್ನೊಂದು ಹೊಡೆದ. ಮೂರನೆಯದಕ್ಕೆ ಕೈ ಎತ್ತಿದಾಗ ಎದೆ ಏರಿತು.

ಸ್ವಲ್ಪ ಹೊತ್ತಿನ ಮೇಲೆ ಭಾವಮೈದ ಕಣ್ಣು ತೆರೆದು, "ಯಾಕೆ ಹೊಡೀತೀರಿ?" ಎಂದ.

"ಉಸಿರಾಡು. ಮಾತಾಡಬೇಡ."

"ತಲೆ ಮಾತ್ರ ಹಾಕಿದ್ದೆ."

"ಉಸಿರಾಡು ಅಂದ್ನಲ್ಲ."

ಅವನನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಿ, ಕೆಳಗಿನವರಿಗೆಲ್ಲ ಯಾವ ಕೋಣೆಗೂ ಇಳಿಯಬೇಡಿ ಎಂದು ಹೇಳಿ, ಗಾಬರಣ್ಣ ಮೇಲೆ ಬಂದು ಪ್ರೋಗ್ರಾಂ ಬರೆದುಕೊಟ್ಟ ಹುಡುಗಿಗೆ ಫೋನು ಮಾಡಿದ.

ಅವಳು ಹೇಳಿದ ಕಡೆ ತೆರೆದು ನೋಡಿದರೆ, 'ಡೇಟಾಬೇಸ್ ಲಾಕ್ ಆಗಿದೆ' ಎಂಬ ಒಂದೇ ಸಾಲು ಬೆಳಗಿನಿಂದ ಸಾವಿರ ಸಲ ಬಿದ್ದಿತ್ತು.

"ಡೇಟಾ ಫೈಲಿನ ಪಕ್ಕದಲ್ಲಿ ಬಾಲದ ಹಾಗೆ ಇನ್ನೊಂದು ಸಣ್ಣ ಫೈಲಿದೆಯಮ್ಮ. ಅದೇ ಅಡ್ಡ ಕೂತಿರಬೇಕು, ಅಳಿಸಲಾ?"

"ಮುಟ್ಟಬೇಡಿ ಅಂಕಲ್. ಬರೆಯೋದು ನಡುವೆ ನಿಂತ್ರೆ ಹಳೇದನ್ನ ಕಾಪಾಡೋದೇ ಅದು. ಅದನ್ನ ತೆಗೆದ್ರೆ ಇಡೀ ಫೈಲೇ ಕೆಡಬಹುದು. ಬೇರೆ ಯಾವುದಾದ್ರೂ ಪ್ರೋಗ್ರಾಂ ಅದನ್ನ ತೆರೆದಿದೆಯಾ ನೋಡಿ."

ಎಂದಿನ ಅಂಕಿಯ ಕಿಟಕಿಯನ್ನು ಬದಿಗೆ ಸರಿಸಿದ. ಹಿಂದೆ ಅವನ ಕಿಟಕಿ ತೆರೆದೇ ಇತ್ತು, ಅರ್ಧ ನೋಡಿ ಬಿಟ್ಟ ಸಾಲುಗಳ ಸಮೇತ.

"ನಾನು ಬರೇ ನೋಡಿದ್ದಮ್ಮ. ಬರೆದಿಲ್ಲ."

"ನೋಡೋದು ಮುಗೀಬೇಕು ಅಂಕಲ್. ಅರ್ಧ ಓದಿ ಹಾಗೇ ಬಿಟ್ರೆ, ಓದ್ತಾ ಇದಾರೆ ಅಂತ ಅದು ಬರೆಯೋರನ್ನ ಒಳಗೆ ಬಿಡಲ್ಲ. ದೊಡ್ಡ ಡೇಟಾಬೇಸಾಗಿದ್ರೆ ಸಂಭಾಳಿಸಿಕೊಳ್ತಿತ್ತು. ಇದು ಪುಟ್ಟದು. ಇದನ್ನೂ ಬೇರೆ ಥರ ಇಡಬಹುದಿತ್ತು, ನಾನು ಇಟ್ಟಿರಲಿಲ್ಲ. ಬರೆಯೋಕಾಗದಿದ್ರೆ ಆ ಅಳತೆ ಬಿಟ್ಟು ಮುಂದಕ್ಕೆ ಹೋಗು ಅಂತ ಬರೆದಿಟ್ಟವಳೂ ನಾನೇ. ಗಂಟೆ ಹೊಡಿ ಅಂತ ಬರೀಬೇಕಿತ್ತು. ಪುಸ್ತಕಕ್ಕಿರೋ ಹಾಗೆ ವಿಷಯಸೂಚಿ ಹಾಕಿರಲಿಲ್ಲ, ಅದಕ್ಕೇ ಪ್ರತಿ ಸಲ ಮೊದಲ ಪುಟದಿಂದ ಹುಡುಕಿ ಹುಡುಕಿ ನಿಧಾನ ಆಗಿದ್ದು. ನೀವು ಹಿಂದೆ ಫೋನು ಮಾಡಿ ನಿಧಾನ ಅಂದಾಗಲೇ ನಾನು ಬರಬೇಕಿತ್ತು."

ಕಿಟಕಿ ಮುಚ್ಚಿದ. ಮೂರನೆಯ ಕೋಣೆಯ ಅಂಕಿ ಇಪ್ಪತ್ತರಿಂದ ಆರಕ್ಕೆ ಬಿತ್ತು. ಅವನು ಕುರ್ಚಿಯ ತೋಳನ್ನು ಹಿಡಿದುಕೊಂಡ.

ಆಸ್ಪತ್ರೆಯಲ್ಲಿ ಭಾವಮೈದ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದವನು, ನಡೆದದ್ದನ್ನೆಲ್ಲ ಇವನ ಬಾಯಿಂದ ಕೇಳಿ, "ಅಕ್ಕನಿಗೆ ಹೇಳ್ಬೇಡಿ ಭಾವ. ಜಾರಿ ಬಿದ್ದೆ ಅಂದ್ರಾಯ್ತು. ನಿಮ್ಮ ಕಿಟಕಿ ಯಾರು ನೋಡಿದಾರೆ?" ಎಂದ. ಆ ಕ್ಷಣ ಅದು ಅಮೃತದಂಥ ಮಾತು. ಹೊರಗಿನ ಬೆಂಚಿನಲ್ಲಿ ಹೆಂಡತಿ ಕೂತಿದ್ದಳು. ಅವಳ ಮುಖ ಕಂಡ ಕೂಡಲೇ ಎಲ್ಲವನ್ನೂ ಕಕ್ಕಿಬಿಟ್ಟ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇದು ಅಲ್ಲಿ ಇಳಿಯೋರಿಗೆ ಗೊತ್ತಾ?" ಎಂದಳು.

"ಇಲ್ಲ."

"ಹೇಳಿ. ಅವರಿಗೂ ಅಕ್ಕಂದಿರು ಇರ್ತಾರೆ."

ಮರುದಿನ ಆ ಹುಡುಗಿ ಬಂದು ಮೇಲೆ ಕೂತು ಎಲ್ಲ ಸರಿಮಾಡುತ್ತಿದ್ದಾಗ, ಗಾಬರಣ್ಣ ಕೆಳಗಿನ ಓಣಿಯಲ್ಲಿ ಹಮಾಲರ ಮುಂದೆ ನಿಂತಿದ್ದ. ಹೊಡೆಯುತ್ತಾರೆ ಎಂದೇ ಅವನು ನಂಬಿದ್ದ. ಬೆನ್ನನ್ನು ಗೋಡೆಗೆ ಒತ್ತಿ, ಯಾರ ಮುಖವನ್ನೂ ನೋಡದೆ, ಅವರ ಬೂಟುಗಳಿಗೆ ಹೇಳುವವನಂತೆ ಹೇಳಿ ಮುಗಿಸಿದ: ಪರದೆ ಸುಳ್ಳು ಹೇಳಿತು, ಸುಳ್ಳು ಹೇಳಿಸಿದ್ದು ನಾನು.

ಯಾರೂ ನಗಲಿಲ್ಲ. ಅವರಲ್ಲಿ ಹಿರಿಯ ಹಮಾಲ ಬೀಡಿಯನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ ಖಾಲಿ ಕ್ರೇಟಿನ ಮೇಲೆ ಕುಳಿತ. ಉಳಿದವರು ಹತ್ತಿರ ಸರಿದರು.

"ಮೊದಲಿಂದ ಹೇಳು," ಎಂದ ಅವನು, "ನಿಧಾನವಾಗಿ. ಆ ಅಂಕಿ ಸತ್ತಿದೆ ಅಂತ ನಮಗೆ ಹ್ಯಾಗೆ ಗೊತ್ತಾಗಬೇಕು?"

ಗಾಬರಣ್ಣ ಕೊನೆಯ ಅಂಕೆಯ ಕುಣಿತದಿಂದ ಶುರು ಮಾಡಿದ.