ಹೆಸರಿಗೆ ಹಚ್ಚಿದ ಹಸಿರು

ನನ್ನ ಕಂಪ್ಯೂಟರಿನ ಪರದೆಯನ್ನು ನೀವು ಮೊನ್ನೆಮೊನ್ನೆಯವರೆಗೆ ನೋಡಿದ್ದರೆ, ಇದೇನು ಬಳೆ ಅಂಗಡಿಯೇ ಎಂದು ಕೇಳುತ್ತಿದ್ದಿರಿ. ದಾವಣಗೆರೆಯಲ್ಲಿ ಲಗ್ನಪತ್ರಿಕೆ ವಿನ್ಯಾಸ ಮಾಡಿಕೊಡುವ ನನ್ನ ಪುಟ್ಟ ಅಂಗಡಿಯಲ್ಲಿ ಗಿರಾಕಿಗೊಂದು ಫೋಲ್ಡರು, ಫೋಲ್ಡರಿಗೊಂದು ಬಣ್ಣ. ಹಾಗೆ ಬಣ್ಣ ಹಚ್ಚುವುದನ್ನು ಕಲಿತ ದಿನದಿಂದ ನನಗೊಂದು ಬಗೆಯ ಹಮ್ಮು. ತಡಕಾಟವಿಲ್ಲ, ಗೋಳಿಲ್ಲ, ಕಣ್ಣು ಹಾಯಿಸಿದರೆ ಸಾಕು, ಬೇಕಾದದ್ದು ತಾನಾಗಿ ಎದ್ದು ಕಾಣುತ್ತದೆ. ಬಲು ಅಚ್ಚುಕಟ್ಟಿನ ಮನುಷ್ಯ ಎಂದು ಬಂದವರು ಹೊಗಳಿದರು, ನಾನೂ ನಂಬಿದೆ.

ಯಾವ ಬಣ್ಣ ಯಾರಿಗೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ಉಳಿದವರು ಕೆಲಸ ಎಲ್ಲಿಗೆ ಬಂತೆಂದು ನೋಡಿ ಬಣ್ಣ ಹಚ್ಚುತ್ತಾರೆ: ತುರ್ತಿನದಕ್ಕೆ ಕೆಂಪು, ಮುಗಿದದ್ದಕ್ಕೆ ಹಸಿರು. ನಾನು ಹೆಸರು ನೋಡಿ ಹಚ್ಚುತ್ತಿದ್ದೆ. ಹಿಂದೂಗಳದಾದರೆ ಕೇಸರಿ, ಮುಸ್ಲಿಮರದಾದರೆ ಹಸಿರು, ಕ್ರೈಸ್ತರದಾದರೆ ನೀಲಿ, ಜೈನರದಾದರೆ ಹಳದಿ. ಹಳೆಯ ಮಾದರಿಗಳನ್ನು ತೋರಿಸಲು ಅನುಕೂಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈ ಅನುಕೂಲವೆಂಬ ಮಾತಿನ ಹಿಂದೆ ಏನೆಲ್ಲ ಅಡಗಿ ಕೂರುತ್ತದೆ ನೋಡಿ!

ಒಂದು ಮಧ್ಯಾಹ್ನ ಹರಿಹರದಿಂದ ಶಮೀಮಾ ಎಂಬವರು ಬಂದರು. ಹೊಲಿಗೆಯಲ್ಲಿ ಮನೆ ನಡೆಸುವ ಹೆಂಗಸು, ಮಗಳ ಮದುವೆ ಗೊತ್ತಾಗಿತ್ತು. ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹೆಸರು ಕೇಳಿದೆ, ಫೋಲ್ಡರು ಮಾಡಿದೆ, ಅವರ ಕಣ್ಣೆದುರೇ ಅದಕ್ಕೆ ಹಸಿರು ಬಳಿದು, ಗುಮ್ಮಟಗಳ ಚಿತ್ರವಿದ್ದ ಹಸಿರು ಉರ್ದು ಕಾರ್ಡುಗಳನ್ನು ಒಂದೊಂದಾಗಿ ತೋರಿಸತೊಡಗಿದೆ. ಅವರು ಫೋಲ್ಡರನ್ನೇ ನೋಡುತ್ತಿದ್ದರು.

“ಅಣ್ಣಾ, ಹಸಿರು ಅಂದ್ರ ಏನ್ರಿ?”

“ಕೆಲ್ಸ ಮುಗಿದೈತೆ ಅಂತ್ರಿ,” ಎಂದುಬಿಟ್ಟೆ.

“ನಂದು ಇನ್ನೂ ಶುರುನೇ ಆಗಿಲ್ಲಲ್ರಿ. ಬರೀ ಹೆಸರು ಹೇಳೀನಿ.”

ನನ್ನ ಕಿವಿ ಬಿಸಿಯಾಯಿತು. ಕನ್ನಡದಲ್ಲಿ ಹೆಸರಿಗೂ ಹಸಿರಿಗೂ ಇರುವುದು ಎರಡೇ ಸ್ವರಗಳ ಅಂತರ. ನಾನು ಅಷ್ಟನ್ನೂ ಉಳಿಸಿರಲಿಲ್ಲ. ಪರದೆಯ ಮೇಲಿದ್ದ ಉಳಿದ ಹಸಿರು ಫೋಲ್ಡರುಗಳ ಹೆಸರುಗಳನ್ನು ಅವರು ಮನಸ್ಸಿನಲ್ಲೇ ಓದಿಕೊಂಡರೆಂದು ಕಾಣುತ್ತದೆ. ಆಮೇಲೆ ಚೀಲದಿಂದ ನೇರಳೆ ಬಟ್ಟೆಯ ತುಣುಕೊಂದನ್ನೂ ಮಡಿಸಿದ ಹಾಳೆಯನ್ನೂ ತೆಗೆದು ಮೇಜಿನ ಮೇಲಿಟ್ಟರು.

“ಮಗಳ ಮದುವಿ ಲಂಗದ ಬಟ್ಟೆ ಐತೆ ಇದು, ನಾನೇ ಹೊಲ್ದೀನಿ. ಕಾರ್ಡು ಇದೇ ಬಣ್ಣದಾಗ ಇರ್ಲಿ, ಹಸಿರು ಬ್ಯಾಡ. ಕನ್ನಡದಾಗ ಮಾಡ್ರಿ, ಮ್ಯಾಟರು ಆಕೀನೇ ಬರ್ದಾಳ.”

ಹಾಳೆ ಬಿಡಿಸಿದೆ. ಆ ಹುಡುಗಿಯ ಕನ್ನಡದಲ್ಲಿ ತಿದ್ದುವಂಥದ್ದು ಒಂದಕ್ಷರವೂ ಇರಲಿಲ್ಲ. ನಾನು ಮಾತ್ರ ಅವಳ ತಾಯಿಯ ಬಾಯಿಂದ ಇನ್ನೊಂದು ಮಾತು ಬರುವ ಮುಂಚೆಯೇ ಅವಳ ಮದುವೆಯ ಬಣ್ಣ, ಭಾಷೆ ಎರಡನ್ನೂ ತೀರ್ಮಾನಿಸಿಬಿಟ್ಟಿದ್ದೆ.

ಅವರು ಎದ್ದುಹೋದ ಮೇಲೆ ಬಣ್ಣಗಳನ್ನೆಲ್ಲ ತೆಗೆದುಹಾಕಿದೆ. ಐದು ನಿಮಿಷದ ಕೆಲಸ. ಆದರೆ ಬಾಗಿಲಲ್ಲಿ ನಿಂತ ಗಿರಾಕಿ ಹೆಸರು ಹೇಳಿದೊಡನೆ ನನ್ನೊಳಗೆ ಇಂದಿಗೂ ಒಂದು ಬಣ್ಣ ಏಳುತ್ತದೆ, ಸ್ನೇಹಿತರೆ. ಅದನ್ನು ತೆಗೆಯುವ ಗುಂಡಿ ಎಲ್ಲಿದೆಯೋ ತಿಳಿಯದು.

ಕಾರ್ಡು ಒಯ್ಯಲು ಅವರು ಬಂದ ದಿನ, ಅಂದು ಆಡಿದ ಸುಳ್ಳನ್ನು ಒಪ್ಪಿಕೊಂಡುಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಟ್ಟಿನಿಂದ ಮೊದಲ ಕಾರ್ಡು ತೆಗೆದು ನನ್ನ ಪೆನ್ನು ಕೇಳಿ ಪಡೆದರು.

“ಅಣ್ಣಾ, ನಿಮ್ಮ ಹೆಸರೇನ್ರಿ?”

ಇಷ್ಟು ದಿನ ನನ್ನ ಹೆಸರೂ ಗೊತ್ತಿಲ್ಲದೆ ಮಗಳ ಮದುವೆಯ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹೇಳಿದೆ. ಲಕೋಟೆಯ ಮೇಲೆ ನಿಧಾನವಾಗಿ ಬರೆದು, “ಮನಿಮಂದಿ ಎಲ್ಲಾ ಬರ್ರಿ,” ಎಂದು ಕೈಗಿತ್ತರು. ಸುಳ್ಳಿನ ಮಾತೆತ್ತದೆಯೇ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವರಿಗೆ ನನ್ನ ಹೆಸರು ಬೇಕಾದದ್ದು ಕರೆಯುವುದಕ್ಕೆ ಮಾತ್ರ.