ಮಂಜು ಸುಟ್ಟ ಕೈ

ಸರ್ವೆ ಮಾವನ ಬಲಗೈಯಲ್ಲಿ ಹೆಬ್ಬೆರಳೊಂದೇ ಪೂರ್ತಿ ಇತ್ತು. ಉಳಿದ ಬೆರಳುಗಳು ಬುಡದಲ್ಲೇ ಮುಗಿದು, ತುದಿಗಳು ಹುಣಸೆಬೀಜದ ಹಾಗೆ ಕಪ್ಪಗೆ ಹೊಳೆಯುತ್ತಿದ್ದವು. ಬೇಸಿಗೆಯಲ್ಲೂ ಅವರು ಆ ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡಿರುತ್ತಿದ್ದರು.

ನಂಜನಗೂಡಿನಲ್ಲಿ ಅವರದು ನಮ್ಮ ಎದುರು ಮನೆ. ಸರ್ವೆಯಲ್ಲಿ ದುರ್ಬೀನು ಹೊರುವ ಕೆಲಸಕ್ಕೆ ಉತ್ತರಕ್ಕೆ ಹೋದವರು, ಅಲ್ಲಿ ಹಿಮದ ಬೆಟ್ಟ ಹತ್ತಲು ಬಂದ ದೊರೆಗಳ ಕೂಲಿಯಾದರು. ಆ ಶಿಖರಕ್ಕೆ ಹೆಸರಿರಲಿಲ್ಲ, ನಕ್ಷೆಯಲ್ಲೊಂದು ನಂಬರು ಮಾತ್ರ. ಮೊದಲ ತಂಡ ಬಿರುಗಾಳಿಗೆ ಹೆದರಿ ಇಳಿದಿತ್ತು. ಎರಡನೆಯದರ ಮೇಲೆ ಹಿಮ ಕುಸಿದಿತ್ತು. ಮಾವನದು ಮೂರನೆಯದು. ದೊರೆಗಳಿಗೆ ಉಣ್ಣೆಯ ಕೈಗವಸು, ಕೂಲಿಗಳಿಗೆ ಗೋಣಿತಾಟು. ಗಾಳಿ ಎದ್ದಾಗ ದೊರೆಗಳು ಹಗ್ಗ ಹಿಡಿದು ಇಳಿದರು. ಡೇರೆ ಕಾಯಲು ಮಾವನನ್ನೂ ಇನ್ನೊಬ್ಬನನ್ನೂ ಬಿಟ್ಟರು. ಇನ್ನೊಬ್ಬ ವಾಪಸು ಬರಲಿಲ್ಲ. ಶಿಖರ ಯಾರಿಗೂ ದಕ್ಕಲಿಲ್ಲ.

ಸಂಜೆ ಜಗಲಿಯಲ್ಲಿ ಅವರು ಹೇಳುತ್ತಿದ್ದುದನ್ನು ನಾನು ತಾರೀಖು ಹಾಕಿ ದಿನಚರಿಗೆ ಇಳಿಸುತ್ತಿದ್ದೆ. "ನಮ್ ಕಪಿಲೆಗಿಂತ ಅಗಲ ಕಣಪ್ಪ, ಬರೀ ಮಂಜಿನ ಹೊಳೆ. ನಿಂತಂಗೇ ಕಾಣ್ತದೆ, ಒಳಗೊಳಗೇ ನಡೀತಿರ್ತದೆ. ಬಿದ್ದೋನ್ನ ನುಂಗಿ, ವರ್ಷಾನುಗಟ್ಲೆ ಆದ್ಮೇಲೆ ಕೆಳಗೆ ತಂದು ಉಗೀತದೆ. ಮಕ ಅಂಗೇ ಇರ್ತದೆ."

ಬೆರಳುಗಳನ್ನು ಮಂಜು ಸುಟ್ಟಿತು ಎಂದರೆ, "ತಣ್ಣಗಿರೋದು ಎಲ್ಲಾದ್ರೂ ಸುಡ್ತದಾ ಮಾವ?" ಎಂದು ಬೀದಿಯವರು ನಗುತ್ತಿದ್ದರು. ಹಿಮ ಕಂಡವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಆದರೆ ನಂಜುಂಡೇಶ್ವರನಿಗೆ ಹರಕೆ ಹೊತ್ತು ಬರುವ ಕುಷ್ಠರೋಗಿಗಳನ್ನು ಎಲ್ಲರೂ ದಿನವೂ ಕಾಣುತ್ತಿದ್ದರು.

ನರಸೀಪುರದಿಂದ ಗಂಡಿನ ಕಡೆಯವರು ಮಾವನ ಒಬ್ಬಳೇ ಮಗಳನ್ನು ಒಪ್ಪಿಕೊಂಡರು. ಲಗ್ನಪತ್ರಿಕೆ ಬರೆಯಲು ನನ್ನನ್ನು ಕೂರಿಸಿದರು. ಅದಕ್ಕೆ ಮೊದಲು ಹೆಣ್ಣಿನ ತಂದೆ ಬಲಗೈಯಿಂದ ವೀಳ್ಯ ಕೊಡಬೇಕು. ಮಾವ ಕಂಬಳಿಯಿಂದ ಕೈ ಹೊರತೆಗೆದರು. ಗಂಡಿನ ದೊಡ್ಡಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಇದೇನ್ರೀ ಕೈ?"

"ಮಂಜು ಸುಟ್ಟಿದ್ದು, ಯಜಮಾನ್ರೇ."

"ಮಾಗೀಲಿ ನಮ್ಮೂರ್ಗೂ ಮಂಜು ಬೀಳ್ತದೆ. ನಮ್ ಬೆರಳೆಲ್ಲ ಅವೆಯಲ್ಲ!"

ಕೂತವರೆಲ್ಲ ನಕ್ಕರು. ಅವನು ನಗಲಿಲ್ಲ. "ದೊಡ್ಡ ರೋಗದೋರ್ಗೆ ಚುಚ್ಚಿದ್ರೆ ತಿಳಿಯಾಕಿಲ್ಲ. ಒಂದು ಸೂಜಿ ತನ್ನಿ. ನೀವು ಆ ಕಡೆ ತಿರುಗ್ರೀ."

ಕೌದಿ ಹೊಲಿಯುವ ಸೂಜಿಯನ್ನು ಒಳಗಿನಿಂದ ತಂದುಕೊಟ್ಟವಳು ಮಗಳೇ.

ಆ ತುದಿಗಳಲ್ಲಿ ಮಾವನಿಗೆ ಸ್ಪರ್ಶವಿರಲಿಲ್ಲ. ಹಿಮ ಅದನ್ನೂ ಕೊಂದಿತ್ತು. ಒಲೆಯ ಕೆಂಡ ತಗುಲಿದರೆ ಕಮರು ವಾಸನೆಯಿಂದಷ್ಟೇ ಅವರಿಗೆ ಗೊತ್ತಾಗುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದೆ. "ನೀನು ಬರಿಯಾಕೆ ಬಂದೋನು, ಸುಮ್ಕಿರು" ಎಂದ ದೊಡ್ಡಪ್ಪ.

ಮಾವ ಗೋಡೆಯ ಕಡೆ ಮುಖ ಮಾಡಿದರು. ದೊಡ್ಡಪ್ಪ ಸೂಜಿಯನ್ನು ಮೇಲೆತ್ತಿ, ಎಲ್ಲರಿಗೂ ತೋರಿಸಿ, ಹಾಗೇ ಹಿಡಿದುಕೊಂಡು ಕೂತ.

"ಅಯ್ಯಯ್ಯೋ!" ಎಂದು ಮಾವ ಕೈ ಕೊಡವಿದರು.

ಸೂಜಿ ಇನ್ನೂ ಗೇಣು ದೂರದಲ್ಲಿತ್ತು.

ಅವರು ಸುಳ್ಳಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪತ್ರಿಕೆಯ ಮೇಲೆ 'ಶ್ರೀ' ಎಂದಷ್ಟೇ ಬರೆದಿದ್ದೆ.

ಮರುದಿನದಿಂದ ಬಾವಿಗೆ ಬರಬೇಡಿ ಎಂದು ಬೀದಿಯವರು ಮಾವನಿಗೆ ಹೇಳಿದರು. ಕ್ಷೌರದವನು ಬರುವುದು ಬಿಟ್ಟ. ತಾವು ಮನೆಯಲ್ಲಿದ್ದರೆ ಮಗಳಿಗೆ ಗಂಡು ಸಿಗುವುದಿಲ್ಲವೆಂದು ಮಾವ ತಾವೇ ಎದ್ದು ಹೋಗಿ ಹೊಳೆದಂಡೆಯ ರೋಗಿಗಳ ಸಾಲಿನಲ್ಲಿ ಕೂತರು. ಅಪ್ಪ ಹಿಮದಲ್ಲೇ ಸತ್ತನೆಂದು ಹೇಳಿ ನೆಂಟರು ಹುಡುಗಿಯನ್ನು ದೂರದೂರಿನವನಿಗೆ ಧಾರೆ ಎರೆದರು. ಮದುವೆಯಲ್ಲಿ ಮಿಕ್ಕ ಅನ್ನ ದಂಡೆಗೂ ಬಂತು. ಮಾವ ಎಲೆ ಬಳಿದು ಉಂಡು, "ಸಾರಿಗೆ ಉಪ್ಪು ಜಾಸ್ತಿ ಆಗದೆ" ಎಂದರು.

ಕಪಿಲೆ ತುಂಬಿ ಹರಿದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಊರಿನವರಾರೂ ಹೊರಲು ಬರಲಿಲ್ಲ. ರೋಗಿಗಳೇ ಗುಂಡಿ ತೋಡುತ್ತಿದ್ದರು. ನಾನು ಹೋದಾಗ ಅವರಲ್ಲೊಬ್ಬ ಮುದುಕ ಗುದ್ದಲಿ ಊರಿ ನಿಂತ.

"ಇದು ನಮ್ ಜಡ್ಡಲ್ಲ ಬುದ್ಧಿ. ಬಂದ ದಿನವೇ ನಮ್ಗೆ ಗೊತ್ತಾಯ್ತು."

"ಮತ್ತೆ ಯಾರಿಗೂ ಹೇಳಲಿಲ್ಲವೇ?"

"ಯೋಳಕ್ಕೇಂತ ಊರೊಳಕ್ಕೆ ಓದ್ವಿ. ದೂರ ನಿಂತು ಯೋಳ್ರೋ ಅಂದ್ರು. ದೂರ ನಿಂತೇ ಯೋಳಿದ್ವಿ ಬುದ್ಧಿ. ಕೇಳಿಸ್ಲಿಲ್ವಂತೆ."